ಯಂತ್ರ ಯಾರಿಗಾಗಿ ಕಾಯುತ್ತಿತ್ತು?

ನಮ್ಮ ಪ್ರೌಢಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಒಂಬತ್ತು ಯಂತ್ರಗಳಿವೆ. ಒಂದು ಕಾಲಕ್ಕೆ ಹನ್ನೆರಡಿದ್ದವು. ಮೂರು ಯಂತ್ರಗಳು ಬಿಡಿಭಾಗಗಳಾಗಿ ಉಳಿದ ಒಂಬತ್ತರ ಹೊಟ್ಟೆ ಸೇರಿವೆ. ನಮ್ಮದು ನಲವತ್ತು ನಿಮಿಷದ ಪೀರಿಯಡ್. ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು, ಯಂತ್ರಕ್ಕೆ ಮೂವರಂತೆ ಜಾಗ ಹಿಡಿದು ಕೂರುವ ಹೊತ್ತಿಗೆ ಐದು ನಿಮಿಷ ಹೋಗಿರುತ್ತದೆ. ಗುಂಡಿ ಒತ್ತಿದ ಮೇಲೆ ಯಂತ್ರ ಎಚ್ಚರಗೊಳ್ಳಲು ಮತ್ತೆ ನಾಲ್ಕು ನಿಮಿಷ. ಎದ್ದ ಮೇಲೂ ಅದರ ಗಡಿಯಾರ ಹತ್ತು ಹನ್ನೆರಡು ವರ್ಷ ಹಿಂದಿನ ತಾರೀಖು ತೋರಿಸುತ್ತದೆ. ಅದನ್ನು ಸರಿಪಡಿಸುವುದು ನನಗೆ ಹಾಜರಿ ಕರೆದಷ್ಟೇ ಅಭ್ಯಾಸವಾಗಿತ್ತು.

ಒಂದು ದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕಪ್ಪು ತೆರೆಯನ್ನೇ ದಿಟ್ಟಿಸುತ್ತಾ ಕೇಳಿದಳು: “ಸಾರ್, ಇದು ಯಾರಿಗೆ ಕಾಯ್ತಾ ಇದೆ?”

“ಅದಕ್ಕೂ ವಯಸ್ಸಾಯಿತಮ್ಮ, ನನ್ನ ಹಾಗೆ” ಎಂದೆ. ತರಗತಿ ನಕ್ಕಿತು. ಉತ್ತರ ಕೊಟ್ಟೆನೆಂಬ ಸಮಾಧಾನ ನನಗೂ ಆಯಿತು. ಆದರೆ ಅದು ಉತ್ತರವಾಗಿರಲಿಲ್ಲ. ಪ್ರಶ್ನೆಯನ್ನು ಜಾಣತನದಿಂದ ದಾಟಿಸಿದ್ದೆ, ಅಷ್ಟೆ.

ಅದೇ ತಿಂಗಳು ಶಾಲಾಭಿವೃದ್ಧಿ ಸಮಿತಿಯ ಸಭೆ ಸೇರಿತು. ಈ ಹಳೆಯ ಡಬ್ಬಗಳನ್ನು ಕೆ.ಜಿ. ಲೆಕ್ಕದಲ್ಲಿ ಗುಜರಿಗೆ ಹಾಕಿ, ಬಂದ ದುಡ್ಡಿಗೆ ಇನ್ನಷ್ಟು ಸೇರಿಸಿ ಕಚೇರಿಗೊಂದು ಪ್ರಿಂಟರ್ ತರೋಣವೆಂದು ಸದಸ್ಯರೊಬ್ಬರು ಸೂಚಿಸಿದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಮುಖ್ಯೋಪಾಧ್ಯಾಯರು ನನ್ನ ಮುಖ ನೋಡಿದರು. “ಒಂದು ತಿಂಗಳು ಕೊಡಿ” ಎಂದು ಬಿಟ್ಟೆ. ಆ ತಿಂಗಳಲ್ಲಿ ನಡೆದದ್ದೇ ಈ ವಾರದ ವಿಷಯ.

ಈ ಯಂತ್ರಗಳಲ್ಲಿರುವುದು ಡೆಬಿಯನ್ ಎಂಬ ಲಿನಕ್ಸ್. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನ್ ಮಾಡಿದೆ. “ಸಾರ್, ಕರ್ನೆಲ್‌ಗೆ ಬೇಡದ ಮಾಡ್ಯೂಲ್‌ಗಳು ಎಷ್ಟೋ ಸೇರಿಕೊಂಡಿರುತ್ತವೆ. ಯಾವುದು ಬೇಕು, ಯಾವುದು ಬೇಡ ಅಂತ ನೋಡಿ ತೆಗೆದುಹಾಕಿ” ಎಂದ. ಹೇಳುವುದು ಸುಲಭ. ಯಾವುದು ಬೇಕು, ಯಾವುದು ಬೇಡ ಎಂದು ತಿಳಿಯುವುದು ಹೇಗೆ?

ಮೊದಲು ಈ ಕರ್ನೆಲ್ ಎಂದರೇನು ಎಂದು ನೋಡೋಣ. ಕಂಪ್ಯೂಟರಿನ ಯಂತ್ರಭಾಗಕ್ಕೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ಕುಳಿತು, ಇಬ್ಬರ ಮಾತನ್ನೂ ಇಬ್ಬರಿಗೂ ಮುಟ್ಟಿಸುವ ಮೂಲ ತಂತ್ರಾಂಶವೇ ಕರ್ನೆಲ್. 1991ರ ಆಗಸ್ಟ್ 25ರಂದು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್, ತಾನು ಇಂಥದೊಂದನ್ನು ಬರೆಯುತ್ತಿರುವುದಾಗಿ ಲೋಕಕ್ಕೆ ತಿಳಿಸಿದ. ಆಗ ಆತನಿಗೆ 21 ವರ್ಷ. ಮೊದಲ ಆವೃತ್ತಿಯಲ್ಲಿದ್ದದ್ದು ಸುಮಾರು ಹತ್ತು ಸಾವಿರ ಸಾಲು. ಆತನ ಮೇಜಿನ ಮೇಲಿದ್ದ 386 ಯಂತ್ರಕ್ಕೆ ಏನು ಬೇಕೋ ಅಷ್ಟೇ ಅದರಲ್ಲಿತ್ತು. ಕೀಲಿಮಣೆಯ ವಿನ್ಯಾಸ ಕೂಡ ಫಿನ್ನಿಷ್ ಭಾಷೆಯದೇ. ಯಾವುದು ಬೇಕು, ಯಾವುದು ಬೇಡ ಎಂಬ ಪ್ರಶ್ನೆ ಆತನಿಗೆ ಏಳುವಂತೆಯೇ ಇರಲಿಲ್ಲ.

ಇಂದು ಆ ಸಾಲುಗಳು ಮೂರು ಕೋಟಿಯನ್ನೂ ಮೀರಿವೆ. ಅರ್ಧಕ್ಕಿಂತ ಹೆಚ್ಚಿನವು ಚಾಲಕಗಳು, ಅಂದರೆ ಬಗೆಬಗೆಯ ಯಂತ್ರಭಾಗಗಳ ಜೊತೆ ಮಾತಾಡಲು ಬೇಕಾದ ತಂತ್ರಾಂಶಗಳು. ಜಗತ್ತಿನ ಎಲ್ಲ ಸೌಂಡ್ ಕಾರ್ಡ್, ಎಲ್ಲ ನೆಟ್‌ವರ್ಕ್ ಕಾರ್ಡ್, ಎಲ್ಲ ಕ್ಯಾಮೆರಾಗಳ ಚಾಲಕಗಳನ್ನೂ ಒಂದೇ ಉಂಡೆಯಾಗಿ ಕಟ್ಟಿದರೆ ಅದನ್ನು ಹೊರುವವರು ಯಾರು? ಆದ್ದರಿಂದ 1995ರ ಹೊತ್ತಿಗೇ ಲಿನಕ್ಸ್ ಒಂದು ಉಪಾಯ ಕಂಡುಕೊಂಡಿತ್ತು. ತೀರಾ ಅಗತ್ಯವಾದದ್ದು ಮಾತ್ರ ಕರ್ನೆಲ್‌ನ ಒಳಗೆ, ಉಳಿದವು ಡಿಸ್ಕಿನ ಮೇಲೆ ಬಿಡಿಬಿಡಿ ಕಡತಗಳಾಗಿ. ಬೇಕಾದಾಗ ಒಳಗೆ ಕರೆಸಿಕೊಳ್ಳುವುದು, ಬೇಡವಾದಾಗ ಹೊರಗೆ ಕಳಿಸುವುದು. ಈ ಬಿಡಿ ಕಡತಗಳೇ ಮಾಡ್ಯೂಲ್‌ಗಳು. ನಮ್ಮ ಹಳ್ಳಿಮನೆಗಳ ಅಟ್ಟ ನೆನಪಿಸಿಕೊಳ್ಳಿ. ದಿನದ ಅಡುಗೆಯ ಪಾತ್ರೆ ಒಲೆಯ ಪಕ್ಕದಲ್ಲೇ ಇರುತ್ತದೆ. ಹಬ್ಬದ ಕೊಪ್ಪರಿಗೆ, ಹಪ್ಪಳದ ಮಣೆ, ಶಾವಿಗೆ ಒರಳು ಅಟ್ಟದ ಮೇಲೆ. ಬೇಕಾದ ದಿನ ಇಳಿಸಿಕೊಂಡರಾಯಿತು.

ಇಳಿಸಿಕೊಳ್ಳುವವರು ಯಾರು? ಇದು ಸ್ವಾರಸ್ಯದ ಸಂಗತಿ. ಯಂತ್ರದೊಳಗಿನ ಪ್ರತಿಯೊಂದು ಕಾರ್ಡಿಗೂ, ನೀವು ಸಿಕ್ಕಿಸುವ ಪ್ರತಿಯೊಂದು ಯುಎಸ್‌ಬಿ ಸಾಧನಕ್ಕೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅದರಲ್ಲಿ ಒಂದು ಭಾಗ ತಯಾರಕರದು, ಇನ್ನೊಂದು ಭಾಗ ಆ ಮಾದರಿಯದು. ಇಂಟೆಲ್ ಸಂಸ್ಥೆಯ ಗುರುತು 8086. ಅದು 1978ರಲ್ಲಿ ಬಂದ ಅವರ ಪ್ರಖ್ಯಾತ ಪ್ರೊಸೆಸರಿನ ಹೆಸರೂ ಹೌದು. ಮಾಡ್ಯೂಲ್‌ಗಳೂ ತಾವು ಯಾವ ಯಾವ ಸಂಖ್ಯೆಯ ಸಾಧನಗಳನ್ನು ನೋಡಿಕೊಳ್ಳಬಲ್ಲೆವು ಎಂದು ತಮ್ಮೊಳಗೇ ಬರೆದುಕೊಂಡಿರುತ್ತವೆ. ಹೊಸ ಸಾಧನ ಕಂಡೊಡನೆ ಕರ್ನೆಲ್ ಅದರ ಸಂಖ್ಯೆಯನ್ನು ಕೂಗಿ ಹೇಳುತ್ತದೆ. ಹೊರಗಿರುವ ಸಹಾಯಕ ತಂತ್ರಾಂಶ ಪಟ್ಟಿ ನೋಡಿ, ಹೊಂದುವ ಮಾಡ್ಯೂಲನ್ನು ಇಳಿಸಿ ಕೊಡುತ್ತದೆ. ಮದುವೆ ಮನೆಯಲ್ಲಿ ಗಂಡಿನ ಕಡೆಯವರು ಯಾರು ಬಂದರೆಂದು ತಿಳಿದು, ಅವರಿಗೆ ಹೊಂದುವವರನ್ನೇ ಎದುರುಗೊಳ್ಳಲು ಕಳಿಸುತ್ತಾರಲ್ಲ, ಹಾಗೆ.

ಈಗ ಇಳಿದು ಬಂದಿರುವವರ ಪಟ್ಟಿ ನೋಡಲು ‘ಎಲ್‌ಎಸ್‌ಮಾಡ್’ ಎಂಬ ಆಜ್ಞೆ ಇದೆ. ಕಪ್ಪುಹಲಗೆಯ ಮೇಲೆ ಬರೆದಾಗ ಹಿಂದಿನ ಬೆಂಚಿನಿಂದ “ಯಾರು ಮಾಡ್ಬೇಕು ಸಾರ್?” ಎಂಬ ಸದ್ದು ಬಂತು. ‘ಮಾಡ್’ ಎಂದರೆ ಮಾಡ್ಯೂಲ್ ಎಂದು ವಿವರಿಸಿ, ನೀನೇ ಮಾಡು ಎಂದೆ. ತೆರೆಯ ಮೇಲೆ ನೂರರ ಆಸುಪಾಸು ಹೆಸರುಗಳು ಇಳಿದವು. ಮೂರು ಕಂಬಸಾಲು. ಮೊದಲನೆಯದು ಹೆಸರು, ಎರಡನೆಯದು ಬೈಟ್‌ಗಳಲ್ಲಿ ಗಾತ್ರ, ಮೂರನೆಯದು ಅದನ್ನು ಎಷ್ಟು ಮಂದಿ ಹಿಡಿದುಕೊಂಡಿದ್ದಾರೆ ಎಂಬ ಸಂಖ್ಯೆ ಮತ್ತು ಹಿಡಿದಿರುವ ಬೇರೆ ಮಾಡ್ಯೂಲ್‌ಗಳ ಹೆಸರು.

ಮೂರನೆಯ ಸಾಲಿನಲ್ಲಿ ಬಹಳಷ್ಟು ಸೊನ್ನೆಗಳಿದ್ದವು. ನನಗೆ ಉತ್ಸಾಹ ಬಂತು. “ನೋಡಿ, ಸೊನ್ನೆ ಇರುವುದನ್ನು ಯಾರೂ ಬಳಸುತ್ತಿಲ್ಲ. ಇವೆಲ್ಲ ಬೇಡದವು” ಎಂದು ಘೋಷಿಸಿದೆ. ಮಕ್ಕಳು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು. ಮೂವತ್ತು ವರ್ಷದಿಂದ ‘ಪ್ರಯೋಗ ಮಾಡದೆ ತೀರ್ಮಾನ ಬರೆಯಬೇಡಿ’ ಎಂದು ಬೋಧಿಸುತ್ತಾ ಬಂದವನು ನಾನು.

ಪ್ರಯೋಗ ಮಾಡೋಣವೆಂದು ಮೊದಲು ‘ಇಎಕ್ಸ್‌ಟಿ4’ ಎಂಬ ಮಾಡ್ಯೂಲನ್ನು ತೆಗೆಯಲು ಹೇಳಿದೆವು. ಅದು ಡಿಸ್ಕಿನ ಮೇಲಿನ ಕಡತಗಳನ್ನು ಓದಿ ಬರೆಯುವಂಥದ್ದು. ಬಳಕೆಯಲ್ಲಿದೆ, ತೆಗೆಯಲಾಗದು ಎಂದು ಯಂತ್ರ ಖಡಾಖಂಡಿತ ಹೇಳಿತು. ಸರಿಯೇ, ಅದರ ಮುಂದೆ ಸೊನ್ನೆ ಇರಲಿಲ್ಲ. ಆಮೇಲೆ ಸೊನ್ನೆ ಇದ್ದ ‘ಆರ್8169’ ಎಂಬುದನ್ನು ತೆಗೆದೆವು. ಯಂತ್ರ ತುಟಿಪಿಟಕ್ಕೆನ್ನದೆ ಒಪ್ಪಿತು. ಮರುಕ್ಷಣ ಆ ಯಂತ್ರದ ನೆಟ್‌ವರ್ಕ್ ಸತ್ತುಹೋಯಿತು! ‘ಕೋರ್‌ಟೆಂಪ್’ ಎಂಬ ಇನ್ನೊಂದು ಸೊನ್ನೆಯನ್ನು ತೆಗೆದರೆ ಪ್ರೊಸೆಸರಿನ ಉಷ್ಣತೆ ತೋರಿಸುತ್ತಿದ್ದ ಅಂಕಿಯೇ ಮಾಯವಾಯಿತು.

ಕಾರಣ ಹುಡುಕಿದಾಗ ತಿಳಿದದ್ದು ಇಷ್ಟು. ಆ ಮೂರನೆಯ ಸಂಖ್ಯೆ ‘ಇದನ್ನು ಈಗ ಕಿತ್ತರೆ ಬೇರೆ ಏನಾದರೂ ಕುಸಿದು ಬೀಳುತ್ತದೆಯೇ?’ ಎಂಬ ಪ್ರಶ್ನೆಗೆ ಉತ್ತರ. ‘ಇದು ನಿಮಗೆ ಬೇಕೇ?’ ಎಂಬ ಪ್ರಶ್ನೆಗೆ ಅಲ್ಲ. ನೆಟ್‌ವರ್ಕ್ ಚಾಲಕ ಕರ್ನೆಲ್‌ಗೆ ಯಾವ ಅಪಾಯವೂ ಆಗದಂತೆ ಸಂಬಂಧ ಕಡಿದುಕೊಂಡು ಹೊರಡಬಲ್ಲದು. ಹಾಗಾಗಿ ಕೆಲಸದ ನಡುವೆಯೂ ಅದರ ಲೆಕ್ಕ ಸೊನ್ನೆಯೇ. ಮಾರನೆಯ ದಿನ ಮಕ್ಕಳಿಂದ ಹಿಂದಿನ ವಾಕ್ಯವನ್ನು ಹೊಡೆದುಹಾಕಿಸಿ, ‘ಸೊನ್ನೆ ಎಂದರೆ ಬೇಡ ಎಂದಲ್ಲ’ ಎಂದು ಬರೆಸಿದೆ. ಮೇಷ್ಟ್ರು ತಪ್ಪು ಒಪ್ಪಿಕೊಂಡರೆಂಬ ಸಂತೋಷದಲ್ಲಿ ಹಲವರು ಅದಕ್ಕೆ ಎರಡೆರಡು ಅಡಿಗೆರೆ ಎಳೆದರು.

ಅಷ್ಟರಲ್ಲಿ ತಿಂಗಳಿನಲ್ಲಿ ಹತ್ತು ದಿನ ಕಳೆದಿತ್ತು. ಹಳೆಯ ವಿದ್ಯಾರ್ಥಿ ಇನ್ನೊಂದು ದಾರಿ ತೋರಿಸಿದ. ಕರ್ನೆಲ್‌ನ ಮೂಲಸಾಲುಗಳನ್ನು ತಂದು ನಾವೇ ಹೊಸದಾಗಿ ಕಟ್ಟಿಕೊಳ್ಳಬಹುದು. 2009ರ ಕೊನೆಯಲ್ಲಿ ಬಂದ 2.6.32ನೇ ಆವೃತ್ತಿಯಿಂದ ಅದಕ್ಕೆ ‘ಲೋಕಲ್‌ಮಾಡ್‌ಕಾನ್ಫಿಗ್’ ಎಂಬ ಅನುಕೂಲವಿದೆ. ಅದನ್ನು ಬರೆದವರು ಸ್ಟೀವನ್ ರಾಸ್ಟೆಡ್. ಅದು ಎಲ್‌ಎಸ್‌ಮಾಡ್ ಪಟ್ಟಿಯನ್ನು ನೋಡಿ, ಆ ಕ್ಷಣದಲ್ಲಿ ಇಳಿದು ಬಂದಿರುವ ಮಾಡ್ಯೂಲ್‌ಗಳನ್ನು ಮಾತ್ರ ಉಳಿಸಿಕೊಂಡು, ಅಟ್ಟದ ಮೇಲಿನ ಸಾವಿರಾರನ್ನು ಬಿಟ್ಟುಬಿಡುತ್ತದೆ. ಸಾವಿರಾರು ಕಡತಗಳನ್ನು ಕಟ್ಟುವ ಶ್ರಮ ಉಳಿಯುತ್ತದೆ. ಒಂದು ಯಂತ್ರದಲ್ಲಿ ಸಂಜೆ ಕೆಲಸ ಆರಂಭಿಸಿ, ಫ್ಯಾನ್ ಒಂದನ್ನು ಅದರತ್ತ ತಿರುಗಿಸಿಟ್ಟು, ಮನೆಗೆ ಹೋದೆ.

ಮಾರನೆಯ ದಿನ ಹೊಸ ಕರ್ನೆಲ್ ಎದ್ದು ನಿಂತಿತು. ನನಗೋ ಹೆಮ್ಮೆ. ಅದೇ ಮಧ್ಯಾಹ್ನ ಹತ್ತನೇ ತರಗತಿಯ ಹುಡುಗನೊಬ್ಬ ತನ್ನ ವಿಜ್ಞಾನ ಪ್ರಬಂಧವಿದ್ದ ಪೆನ್ ಡ್ರೈವ್ ಸಿಕ್ಕಿಸಿದ. ಏನೂ ಕಾಣಲಿಲ್ಲ. ತೆಗೆದು ಊದಿ ಮತ್ತೆ ಸಿಕ್ಕಿಸಿದ. ಊಹೂಂ. ಪ್ರಬಂಧ ಹೋಯಿತೆಂದು ಹುಡುಗನ ಕಣ್ಣಲ್ಲಿ ನೀರು. ಪೆನ್ ಡ್ರೈವ್ ಸರಿಯಾಗಿಯೇ ಇತ್ತು. ನಾನು ಪಟ್ಟಿ ತೆಗೆದ ಕ್ಷಣದಲ್ಲಿ ಆ ಯಂತ್ರದಲ್ಲಿ ಯಾವ ಪೆನ್ ಡ್ರೈವೂ ಇರಲಿಲ್ಲ. ಹಾಗಾಗಿ ಅದಕ್ಕೆ ಬೇಕಾದ ಮಾಡ್ಯೂಲ್ ಪಟ್ಟಿಯಲ್ಲಿರಲಿಲ್ಲ, ಹಾಗಾಗಿ ಹೊಸ ಕರ್ನೆಲ್‌ನಲ್ಲೂ ಇರಲಿಲ್ಲ. ಹಬ್ಬವಿಲ್ಲದ ದಿನ ಅಡುಗೆಮನೆ ನೋಡಿ, ಕೊಪ್ಪರಿಗೆ ಬೇಡವೆಂದು ಮಾರಿದ ಹಾಗೆ!

ಪುಣ್ಯಕ್ಕೆ ಹಳೆಯ ಕರ್ನೆಲನ್ನು ಅಳಿಸಿರಲಿಲ್ಲ. ಆರಂಭದ ಪಟ್ಟಿಯಲ್ಲಿ ಅದನ್ನು ಆರಿಸಿ ಯಂತ್ರವನ್ನು ಮತ್ತೆ ಎಬ್ಬಿಸಿದಾಗ ಪ್ರಬಂಧ ಕಾಣಿಸಿತು. ಹುಡುಗ ಕಣ್ಣೊರೆಸಿಕೊಂಡ. ಆದರೆ ಇನ್ನೊಂದು ಸತ್ಯವೂ ಅಂದೇ ಗೋಚರಿಸಿತು. ಹೊಸ ಕರ್ನೆಲ್ ಕೂಡ ಏಳಲು ಹೆಚ್ಚುಕಡಿಮೆ ಹಿಂದಿನಷ್ಟೇ ಹೊತ್ತು ತೆಗೆದುಕೊಂಡಿತ್ತು. ಇಷ್ಟೆಲ್ಲ ಮಾಡ್ಯೂಲ್ ಬಿಟ್ಟರೂ ಆ ಹುಡುಗಿಯ ಪ್ರಶ್ನೆ ಹಾಗೆಯೇ ಉಳಿದಿತ್ತು.

ಅವಳು ‘ಯಾಕೆ ನಿಧಾನ’ ಎಂದು ಕೇಳಿರಲಿಲ್ಲ. ‘ಯಾರಿಗೆ ಕಾಯುತ್ತಿದೆ’ ಎಂದು ಕೇಳಿದ್ದಳು. ಕರ್ನೆಲ್ ತಾನು ಎದ್ದಾಗಿನಿಂದ ಮಾಡಿದ್ದನ್ನೆಲ್ಲ ದಿನಚರಿಯಂತೆ ಬರೆದಿಡುತ್ತದೆ. ಪ್ರತಿ ಸಾಲಿನ ಮೊದಲಲ್ಲಿ ಎಷ್ಟನೇ ಸೆಕೆಂಡು ಎಂಬ ಅಂಕಿ ಇರುತ್ತದೆ. ಅವಳನ್ನೇ ಕೂರಿಸಿಕೊಂಡು ಆ ದಿನಚರಿಯನ್ನು ಮೇಲಿನಿಂದ ಓದತೊಡಗಿದೆ. ಅಂಕಿಗಳು ಒಂದರ ಹಿಂದೊಂದು ಒತ್ತೊತ್ತಾಗಿ ಬಂದು, ಒಂದು ಕಡೆ ಥಟ್ಟನೆ ಜಿಗಿದವು. ಹನ್ನೆರಡು ಸೆಕೆಂಡು ಖಾಲಿ. ಮತ್ತೆ ಹನ್ನೆರಡು. ಮತ್ತೆ. ಪ್ರತಿ ಜಿಗಿತದ ನಂತರ ಒಂದೇ ದೂರು: ‘ಎಫ್‌ಡಿ0’ ಓದಲಾಗಲಿಲ್ಲ.

“ಎಫ್‌ಡಿ ಅಂದ್ರೆ ಏನ್ ಸಾರ್?”

“ಫ್ಲಾಪಿ ಡಿಸ್ಕ್ ಅಮ್ಮ.”

“ಹಾಗಂದ್ರೆ?”

ಅವಳು ಹುಟ್ಟುವ ಮೊದಲೇ ಮೂಲೆ ಸೇರಿದ್ದ ವಸ್ತು ಅದು. ನಮ್ಮ ಯಾವ ಯಂತ್ರದಲ್ಲೂ ಫ್ಲಾಪಿ ಡ್ರೈವ್ ಇಲ್ಲ. ಅದರ ಜಾಗದಲ್ಲಿ ಪ್ಲಾಸ್ಟಿಕ್ ಮುಚ್ಚಳವಿದೆ. ಆದರೂ ಫ್ಲಾಪಿಯ ಮಾಡ್ಯೂಲ್ ಇಳಿದು ಬಂದು, ಇಲ್ಲದ ಡ್ರೈವನ್ನು ಮತ್ತೆ ಮತ್ತೆ ತಟ್ಟಿ, ಉತ್ತರಕ್ಕಾಗಿ ಕಾದು ಕೂತಿತ್ತು. ಹೀಗೆ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ದಿನವೂ ವ್ಯರ್ಥ. ಇನ್ನೂ ತಮಾಷೆಯೆಂದರೆ, ನಾನು ಕಷ್ಟಪಟ್ಟು ಕಟ್ಟಿದ ಹೊಸ ಕರ್ನೆಲ್ ಈ ಫ್ಲಾಪಿ ಮಾಡ್ಯೂಲನ್ನು ಜೋಪಾನವಾಗಿ ಉಳಿಸಿಕೊಂಡಿತ್ತು. ಪಟ್ಟಿ ತೆಗೆದಾಗ ಅದು ಒಳಗಿತ್ತಲ್ಲ! ಬೇಕಾದ ಪೆನ್ ಡ್ರೈವಿನದನ್ನು ಬಿಟ್ಟು, ಬೇಡದ ಫ್ಲಾಪಿಯದನ್ನು ಕಾಪಾಡಿತ್ತು. ಒಳಗೆ ಬಂದದ್ದೆಲ್ಲ ಬೇಕಾದದ್ದಲ್ಲ, ಒಳಗೆ ಇಲ್ಲದ್ದೆಲ್ಲ ಬೇಡದ್ದೂ ಅಲ್ಲ.

ಸರಿ, ಫ್ಲಾಪಿ ಇದೆ ಎಂದು ಕರ್ನೆಲ್‌ಗೆ ಹೇಳಿದವರು ಯಾರು? ಯಂತ್ರ ಏಳುವ ಮೊದಲು ಮಾತಾಡುವುದು ಬಯೋಸ್ ಎಂಬ ಇನ್ನೊಂದು ತಂತ್ರಾಂಶ. ಅದರ ಸೆಟ್ಟಿಂಗ್‌ಗಳನ್ನು ನೆನಪಿಡುವುದು ಮದರ್‌ಬೋರ್ಡಿನ ಮೇಲಿನ ಬಿಲ್ಲೆಯಂಥ ಸೆಲ್. ಅದರ ಹೆಸರು ಸಿಆರ್2032. ಹೆಸರಿನಲ್ಲೇ ಅಳತೆ ಇದೆ: 20 ಮಿಲಿಮೀಟರ್ ವ್ಯಾಸ, 3.2 ಮಿಲಿಮೀಟರ್ ದಪ್ಪ. 3 ವೋಲ್ಟ್ ಕೊಡಬೇಕಾದ ಅದನ್ನು ಪ್ರಯೋಗಾಲಯದ ಮಲ್ಟಿಮೀಟರಿಗೆ ಹಿಡಿದರೆ ಮುಳ್ಳು ಒಂದರ ಗೆರೆಯನ್ನೂ ಮುಟ್ಟಲಿಲ್ಲ. 2020 ಮತ್ತು 2021ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿ, ಯಂತ್ರಗಳು ತಿಂಗಳುಗಟ್ಟಲೆ ವಿದ್ಯುತ್ ಕಾಣದೆ ಇದ್ದವು. ಗೋಡೆಯ ವಿದ್ಯುತ್ ಇಲ್ಲದಾಗ ಗಡಿಯಾರ ನಡೆಸುವ ಭಾರವೆಲ್ಲ ಈ ಸೆಲ್ಲಿನದೇ. ಅದು ಬರಿದಾದ ಮೇಲೆ ಬಯೋಸ್ ಎಲ್ಲವನ್ನೂ ಮರೆತು ತಯಾರಾದ ದಿನದ ಸೆಟ್ಟಿಂಗಿಗೆ ಮರಳಿತು. ಆ ಸೆಟ್ಟಿಂಗಿನಲ್ಲಿ ‘ಫ್ಲಾಪಿ ಇದೆ’ ಎಂದಿತ್ತು.

ಬೆಳಗಾದರೆ ತಪ್ಪು ತಾರೀಖು ತೋರಿಸುತ್ತಿದ್ದ ಗಡಿಯಾರ ಇದನ್ನೇ ಕೂಗಿ ಹೇಳುತ್ತಿತ್ತು. ನಾನು ದಿನವೂ ಅದರ ಬಾಯಿ ಮುಚ್ಚಿಸುತ್ತಿದ್ದೆ.

ಒಂಬತ್ತರಲ್ಲಿ ಆರು ಯಂತ್ರಗಳಿಗೆ ಇದೇ ರೋಗ. ಪೇಟೆಯಿಂದ ಆರು ಸೆಲ್ ತಂದು ಹಾಕಿ, ಬಯೋಸ್‌ನಲ್ಲಿ ಫ್ಲಾಪಿ ಇಲ್ಲವೆಂದು ಬರೆದೆವು. ಫ್ಲಾಪಿ ಮಾಡ್ಯೂಲ್ ತಾನಾಗಿ ಇಳಿಯದಂತೆ ಅದರ ಹೆಸರನ್ನು ನಿಷೇಧಪಟ್ಟಿಗೂ ಸೇರಿಸಿದೆವು. ಉಳಿದ ಮೂರರ ನಿಧಾನಕ್ಕೆ ಹಾರ್ಡ್‌ಡಿಸ್ಕಿನ ಮುಪ್ಪೇ ಕಾರಣ. ಅವಕ್ಕೆ ನನ್ನ ಮೊದಲಿನ ಉತ್ತರ ಸರಿಯಾಗಿತ್ತು ಎನ್ನಬಹುದು.

ಓದುಗರಲ್ಲಿ ಯಾರಾದರೂ ತಮ್ಮ ಯಂತ್ರದಲ್ಲಿ ಇದನ್ನು ಮಾಡಿನೋಡುವುದಾದರೆ ನಾನು ಕಲಿತದ್ದನ್ನು ಹೇಳುತ್ತೇನೆ. ಮೊದಲು ದಿನಚರಿ ಓದಿ, ಕಾಲ ಎಲ್ಲಿ ಸೋರುತ್ತಿದೆ ನೋಡಿ. ಯಾವ ಸಾಧನಕ್ಕೆ ಯಾವ ಚಾಲಕ ಎಂದು ತಿಳಿಯಲು ‘ಎಲ್‌ಎಸ್‌ಪಿಸಿಐ’ ಆಜ್ಞೆಗೆ ‘ಕೆ’ ಎಂಬ ಅಕ್ಷರ ಸೇರಿಸಿ ಕೊಡಿ. ಹೆಸರು ಕೇಳಿ ಅರ್ಥವಾಗದ ಮಾಡ್ಯೂಲನ್ನು ‘ಮಾಡ್‌ಇನ್ಫೋ’ ಪರಿಚಯಿಸುತ್ತದೆ. ಪಟ್ಟಿ ಮಾಡುವುದಾದರೆ ಒಂದೇ ದಿನದ ಪಟ್ಟಿ ನಂಬಬೇಡಿ. ಪೆನ್ ಡ್ರೈವ್, ಪ್ರಿಂಟರ್, ಪ್ರೊಜೆಕ್ಟರ್, ಹೆಡ್‌ಫೋನ್ ಎಲ್ಲವನ್ನೂ ಒಮ್ಮೆ ಸಿಕ್ಕಿಸಿ, ಒಂದು ವಾರದ ಪಟ್ಟಿಗಳನ್ನು ಒಟ್ಟುಗೂಡಿಸಿ. ಒಂದು ಬಾರಿಗೆ ಒಂದನ್ನೇ ತೆಗೆದು ನೋಡಿ. ಒಟ್ಟಿಗೆ ಹತ್ತು ತೆಗೆದರೆ ಕೆಟ್ಟದ್ದಕ್ಕೆ ಯಾವುದು ಕಾರಣವೆಂದು ತಿಳಿಯದು.

ಎಲ್ಲಕ್ಕಿಂತ ಮುಖ್ಯ, ಹಳೆಯ ಕರ್ನೆಲನ್ನು ಅಳಿಸಬೇಡಿ. ಹಾರ್ಡ್‌ಡಿಸ್ಕಿನ ನಿಯಂತ್ರಕದ ಮತ್ತು ಅದರ ಕಡತ ವ್ಯವಸ್ಥೆಯ ಮಾಡ್ಯೂಲ್‌ಗಳ ಮೇಲೆ ಕೈ ಹಾಕಬೇಡಿ. ಡಿಸ್ಕ್ ಓದಲು ಬೇಕಾದ ಮಾಡ್ಯೂಲ್ ಡಿಸ್ಕಿನಲ್ಲೇ ಇದ್ದರೆ ತೆಗೆಯುವುದು ಹೇಗೆ? ಬೀಗದ ಕೈ ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದಂತೆ. ಅದಕ್ಕಾಗಿಯೇ ಇಂಥವನ್ನೆಲ್ಲ ಒಂದು ಪುಟ್ಟ ಗಂಟು ಕಟ್ಟಿ, ಕರ್ನೆಲ್ ಜೊತೆಗೇ ಸ್ಮೃತಿಗೆ ತರುವ ಏರ್ಪಾಡಿದೆ. ‘ಇನಿಟ್‌ರಾಮ್‌ಎಫ್‌ಎಸ್’ ಎಂಬುದು ಆ ಗಂಟಿನ ಹೆಸರು. ನಿಷೇಧಪಟ್ಟಿ ಬದಲಾದಾಗ ಈ ಗಂಟನ್ನೂ ಹೊಸದಾಗಿ ಕಟ್ಟಬೇಕು.

ಹಾಗಾದರೆ ಬೇಡದ ಮಾಡ್ಯೂಲ್‌ಗಳನ್ನು ತೆಗೆದರೆ ಸ್ಮೃತಿ ಉಳಿಯುವುದಿಲ್ಲವೇ? ಮಕ್ಕಳಿಂದ ಎರಡನೆಯ ಕಂಬಸಾಲನ್ನು ಕೂಡಿಸಿ, 1024ರಿಂದ ಎರಡು ಬಾರಿ ಭಾಗಿಸಿಸಿದೆ. ಎಲ್ಲ ಸೇರಿ ಸುಮಾರು ಹತ್ತು ಎಂ.ಬಿ. ಯಂತ್ರದಲ್ಲಿರುವುದು 2 ಜಿ.ಬಿ. ಇನ್ನೂರರಲ್ಲಿ ಒಂದು ಪಾಲು. ಅದಕ್ಕಾಗಿ ಹೆಣಗುವುದಕ್ಕಿಂತ ಬ್ರೌಸರಿನಲ್ಲಿ ತೆರೆದಿಟ್ಟ ಒಂದು ಪುಟ ಮುಚ್ಚುವುದು ಮೇಲು.

ಆದರೆ ಬೇಡದ್ದನ್ನು ತಡೆಯಲು ಇನ್ನೊಂದು ಗಟ್ಟಿ ಕಾರಣವಿದೆ. ಡಿಸಿಸಿಪಿ ಎಂಬ, ತೀರಾ ಕಡಿಮೆ ಜನ ಬಳಸುತ್ತಿದ್ದ ನೆಟ್‌ವರ್ಕ್ ಮಾಡ್ಯೂಲಿನಲ್ಲಿ ಒಂದು ದೋಷ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅಡಗಿತ್ತು. 2017ರಲ್ಲಿ ಅದು ಬಯಲಾಯಿತು. ಯಂತ್ರದಲ್ಲಿ ಖಾತೆಯಿರುವ ಸಾಮಾನ್ಯ ಬಳಕೆದಾರನೂ ಆ ದೋಷದ ಮೂಲಕ ಇಡೀ ಯಂತ್ರದ ಒಡೆಯನಾಗಬಹುದಿತ್ತು. ಮಾಡ್ಯೂಲ್ ಕೆಲಸವಿಲ್ಲದೆ ಅಟ್ಟದ ಮೇಲೆ ಮಲಗಿದ್ದರೂ, ಯಾವುದೋ ತಂತ್ರಾಂಶ ಕರೆದೊಡನೆ ಇಳಿದು ಬರುತ್ತಿತ್ತು. ಬಳಸದ ಬಾಗಿಲಿಗೆ ಅಗಳಿ ಹಾಕಿಡಬೇಕೆಂಬುದು ಇದಕ್ಕೇ.

ತಿಂಗಳ ಕೊನೆಗೆ ಸಮಿತಿಯವರು ಬಂದರು. ಯಂತ್ರದ ಗುಂಡಿ ಒತ್ತಿದವಳು ಆ ಹುಡುಗಿಯೇ. ಸಮಿತಿಯವರು ಕೈಗಡಿಯಾರ ನೋಡಿದರು. ಪವಾಡವೇನೂ ಆಗಲಿಲ್ಲ. ನಾಲ್ಕು ನಿಮಿಷದ ಜಾಗದಲ್ಲಿ ಎರಡೂವರೆ. ತಾರೀಖು ಸರಿಯಾಗಿತ್ತು. “ಇರಲಿ ಬಿಡಿ, ಇನ್ನೊಂದು ವರ್ಷ” ಎಂದು, ಗುಜರಿಯ ಮಾತೆತ್ತಿದ್ದ ಸದಸ್ಯರೇ ಹೇಳಿದರು.

ಅವರು ಹೋದ ಮೇಲೆ ಅವಳ ಟಿಪ್ಪಣಿ ಪುಸ್ತಕ ತಿದ್ದಲು ಕೂತೆ. ‘ಯಂತ್ರ ನಿಧಾನವಾಗಲು ಕಾರಣವೇನು?’ ಎಂಬ ಪ್ರಶ್ನೆಗೆ ಅವಳು ಮೊದಲ ದಿನ ಬರೆದುಕೊಂಡಿದ್ದ ಉತ್ತರ ಅಲ್ಲಿತ್ತು: ‘ವಯಸ್ಸಾದ್ದರಿಂದ.’ ಕೆಂಪು ಶಾಯಿಯಲ್ಲಿ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಉತ್ತರ ತಪ್ಪು, ತಪ್ಪು ಶಿಕ್ಷಕರದು’ ಎಂದು ಬರೆದು ಸಹಿ ಮಾಡಿದೆ.